ಯುದ್ಧದ ಬೆನ್ನಿಗೆ ಬಂದ ಕಮ್ಯುನಿಸ್ಟ್ ಸರಕಾರಗಳು: ಪೂರ್ವ ಯುರೋಪ್, 1944–1949

ಎರಡನೆಯ ಮಹಾಯುದ್ಧ ಮುಗಿದ ನಾಲ್ಕೇ ವರ್ಷಗಳಲ್ಲಿ ಪೂರ್ವ ಮತ್ತು ಮಧ್ಯ ಯುರೋಪಿನ ಎಂಟು ದೇಶಗಳಲ್ಲಿ ಕಮ್ಯುನಿಸ್ಟ್ ಆಡಳಿತ ನೆಲೆಗೊಂಡಿತು. ಪೋಲೆಂಡ್, ಜೆಕೊಸ್ಲೊವಾಕಿಯಾ, ಹಂಗರಿ, ರುಮೇನಿಯಾ, ಬಲ್ಗೇರಿಯಾ, ಯುಗೊಸ್ಲಾವಿಯಾ, ಅಲ್ಬೇನಿಯಾ ಮತ್ತು ಪೂರ್ವ ಜರ್ಮನಿ ಆ ದೇಶಗಳು. ಇವುಗಳ ಒಟ್ಟು ಜನಸಂಖ್ಯೆ ಆಗ ಸುಮಾರು 10 ಕೋಟಿ. ಈ ಬದಲಾವಣೆಯನ್ನು ಜನಸಾಮಾನ್ಯರ ಕ್ರಾಂತಿಯೆಂದು ಒಂದು ಪಕ್ಷವೂ ಸೋವಿಯತ್ ಆಕ್ರಮಣವೆಂದು ಇನ್ನೊಂದು ಪಕ್ಷವೂ ದಶಕಗಳ ಕಾಲ ವಾದಿಸುತ್ತ ಬಂದವು. ವಾಸ್ತವದಲ್ಲಿ ಬಹುತೇಕ ದೇಶಗಳಲ್ಲಿ ಕಮ್ಯುನಿಸ್ಟರು ಸಮ್ಮಿಶ್ರ ಸರಕಾರದ ಪಾಲುದಾರರಾಗಿ ಅಧಿಕಾರದ ಬಾಗಿಲು ದಾಟಿದರು. ಸಂಸತ್ತು, ಚುನಾವಣೆ, ಪತ್ರಿಕೆಗಳು, ಕೆಲವೆಡೆ ರಾಜಸಿಂಹಾಸನ ಸಹ ಮೊದಮೊದಲು ಇದ್ದ ಹಾಗೆಯೇ ಇದ್ದವು. ಆದರೆ ಪೊಲೀಸರನ್ನು ಆಳುವ ಗೃಹ ಖಾತೆ ಮಾತ್ರ ಅವರ ವಶದಲ್ಲಿತ್ತು. ಹೊರಗೆ ಸೋವಿಯತ್ ಸೇನೆಯ ಬಲ, ಒಳಗೆ ಗೃಹ ಖಾತೆಯ ಹಿಡಿತ: ಇವೆರಡೂ ಕೂಡಿದ ಕಡೆ ಮತಪೆಟ್ಟಿಗೆಯ ತೀರ್ಪು ಹೆಚ್ಚು ಕಾಲ ಬಾಳಲಿಲ್ಲ ಎಂಬುದೇ ಆ ಐದು ವರ್ಷಗಳ ಇತಿಹಾಸದ ಸಾರ.

ಹಿನ್ನೆಲೆ

ಯುದ್ಧ ಪೂರ್ವ ಯುರೋಪಿನ ಹಳೆಯ ವ್ಯವಸ್ಥೆಯನ್ನು ಬುಡಸಮೇತ ಕಿತ್ತುಹಾಕಿತ್ತು. ಪೋಲೆಂಡ್ ಒಂದರಲ್ಲೇ ಸುಮಾರು 60 ಲಕ್ಷ ಪ್ರಜೆಗಳು ಸತ್ತಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಯಹೂದಿಗಳು. ವಾರ್ಸಾ ನಗರ ಕಲ್ಲುಮಣ್ಣಿನ ರಾಶಿಯಾಗಿತ್ತು. ಹಂಗರಿ, ರುಮೇನಿಯಾ, ಬಲ್ಗೇರಿಯಾಗಳ ಹಿಂದಿನ ಆಳರಸರು ಹಿಟ್ಲರನ ಪಕ್ಷ ವಹಿಸಿ ಸೋತಿದ್ದರು. ಜಮೀನ್ದಾರರು, ಸೇನಾಧಿಕಾರಿಗಳು, ಹಳೆಯ ರಾಜಕಾರಣಿಗಳು ಸತ್ತಿದ್ದರು, ಓಡಿಹೋಗಿದ್ದರು ಅಥವಾ ಜನರ ವಿಶ್ವಾಸ ಕಳೆದುಕೊಂಡಿದ್ದರು.

ನಾಜಿ ಸೇನೆಯನ್ನು ಈ ಪ್ರದೇಶದಿಂದ ಹೊಡೆದೋಡಿಸಿದ ಕೀರ್ತಿಯ ಬಹುಪಾಲು ಸೋವಿಯತ್ ಒಕ್ಕೂಟದ ಕೆಂಪು ಸೇನೆಗೆ ಸಲ್ಲುತ್ತದೆ. ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡ ಪ್ರಜೆಗಳ ಸಂಖ್ಯೆ ಸುಮಾರು 2 ಕೋಟಿ 70 ಲಕ್ಷ. ತನ್ನ ಪಶ್ಚಿಮದ ಗಡಿಯಾಚೆ ಮತ್ತೆಂದೂ ವೈರಿ ಸರಕಾರಗಳು ಇರಕೂಡದೆಂಬ ಜೋಸೆಫ್ ಸ್ಟಾಲಿನನ ಹಟಕ್ಕೆ ಈ ನಷ್ಟವೇ ಸಮರ್ಥನೆಯಾಯಿತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ಸೋವಿಯತ್ ಒಕ್ಕೂಟ 1940ರಲ್ಲಿಯೇ ನುಂಗಿತ್ತು. 1944ರಲ್ಲಿ ಅವು ಮತ್ತೆ ಅದರ ವಶವಾದವು.

ಅಕ್ಟೋಬರ್ 1944ರಲ್ಲಿ ಮಾಸ್ಕೋಗೆ ಹೋಗಿದ್ದ ಬ್ರಿಟಿಷ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್, ಬಾಲ್ಕನ್ ಪ್ರದೇಶದ ಮೇಲಿನ ಪ್ರಭಾವವನ್ನು ಶೇಕಡಾವಾರು ಹಂಚುವ ಒಂದು ಚೀಟಿಯನ್ನು ಸ್ಟಾಲಿನನ ಮುಂದಿಟ್ಟರು. ರುಮೇನಿಯಾದಲ್ಲಿ ರಷ್ಯಾಕ್ಕೆ ಶೇ. 90, ಗ್ರೀಸ್‌ನಲ್ಲಿ ಬ್ರಿಟನ್‌ಗೆ ಶೇ. 90, ಯುಗೊಸ್ಲಾವಿಯಾ ಮತ್ತು ಹಂಗರಿಯಲ್ಲಿ ಸಮಪಾಲು ಎಂಬುದು ಅದರ ಒಕ್ಕಣೆ. ಫೆಬ್ರವರಿ 1945ರಲ್ಲಿ ಕ್ರಿಮಿಯಾದ ಯಾಲ್ಟಾದಲ್ಲಿ ಚರ್ಚಿಲ್, ಸ್ಟಾಲಿನ್ ಮತ್ತು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸೇರಿದಾಗ, ವಿಮೋಚನೆಗೊಂಡ ದೇಶಗಳಲ್ಲಿ ಮುಕ್ತ ಚುನಾವಣೆ ನಡೆಸುವ ಘೋಷಣೆಗೆ ಮೂವರೂ ಸಮ್ಮತಿಸಿದರು. ಆದರೆ ಅದನ್ನು ಜಾರಿಗೊಳಿಸುವ ಅಥವಾ ಮೇಲ್ವಿಚಾರಣೆ ಮಾಡುವ ಯಾವ ಏರ್ಪಾಡೂ ಘೋಷಣೆಯಲ್ಲಿರಲಿಲ್ಲ.

ಜನಬೆಂಬಲದ ನೆಲೆ

ಕಮ್ಯುನಿಸ್ಟರಿಗೆ ಬೆಂಬಲವೇ ಇರಲಿಲ್ಲವೆನ್ನುವುದು ಸರಿಯಲ್ಲ. ನಾಜಿಗಳ ವಿರುದ್ಧ ಭೂಗತವಾಗಿ ಹೋರಾಡಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. 1930ರ ದಶಕದ ಆರ್ಥಿಕ ಕುಸಿತ ಮತ್ತು ನಿರುದ್ಯೋಗವನ್ನು ಕಂಡಿದ್ದ ತಲೆಮಾರಿಗೆ ಯೋಜಿತ ಅರ್ಥವ್ಯವಸ್ಥೆ ಭರವಸೆಯಂತೆ ತೋರಿತು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮನ್ನು ಹಿಟ್ಲರನಿಗೆ ಬಲಿಗೊಟ್ಟವು ಎಂಬ ಕಹಿ ಜೆಕ್ ಜನರಲ್ಲಿ ಆರಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಭೂಮಿಯ ಪ್ರಶ್ನೆಯಿತ್ತು. ಹಂಗರಿಯಲ್ಲಿ ವಿಶಾಲ ಎಸ್ಟೇಟುಗಳು ಕೆಲವೇ ಶ್ರೀಮಂತ ಮನೆತನಗಳ ಮತ್ತು ಚರ್ಚಿನ ಕೈಯಲ್ಲಿದ್ದವು. ಮಾರ್ಚ್ 1945ರ ಭೂಸುಧಾರಣೆಯಿಂದ ಅಲ್ಲಿ 6 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಭೂಮಿ ಪಡೆದವು. ಆಗ ಕೃಷಿ ಸಚಿವರಾಗಿದ್ದವರು ಕಮ್ಯುನಿಸ್ಟ್ ಪಕ್ಷದ ಇಮ್ರೆ ನಾಜ್. ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾದಲ್ಲಿ ಜರ್ಮನ್ನರನ್ನು ಹೊರಹಾಕಿದ ಪ್ರದೇಶಗಳ ಹೊಲ, ಮನೆ, ಅಂಗಡಿಗಳನ್ನು ಹಂಚುವ ಅಧಿಕಾರ ಕಮ್ಯುನಿಸ್ಟ್ ಸಚಿವರದಾಗಿತ್ತು. ಪೋಲೆಂಡ್‌ನಲ್ಲಿ ಇದಕ್ಕಾಗಿ ಸ್ಥಾಪಿತವಾದ ಪ್ರತ್ಯೇಕ ಖಾತೆಯನ್ನು ವ್ವಾದಿಸ್ವಾವ್ ಗೊಮುಲ್ಕಾ ವಹಿಸಿಕೊಂಡರು. ಹೊಸದಾಗಿ ಭೂಮಿ ಪಡೆದವನಿಗೆ ಅದನ್ನು ಉಳಿಸಿಕೊಳ್ಳಲು ಹೊಸ ಸರಕಾರವೂ ಉಳಿಯಬೇಕಾಗಿತ್ತು.

ಆದರೆ ಪಕ್ಷದ ಬಲ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಕಾರ್ಮಿಕ ವರ್ಗ ದೊಡ್ಡದಿದ್ದ ಜೆಕೊಸ್ಲೊವಾಕಿಯಾದಲ್ಲಿ ಅದು ಯುದ್ಧಕ್ಕೆ ಮೊದಲೂ ಕಾನೂನುಬದ್ಧ ಪಕ್ಷವಾಗಿತ್ತು. ರುಮೇನಿಯಾದಲ್ಲಾದರೋ ಆಗಸ್ಟ್ 1944ರ ವೇಳೆಗೆ ಅದರ ಸದಸ್ಯರು ಸಾವಿರದ ಆಸುಪಾಸಿನಲ್ಲಿದ್ದರು. ಪೋಲೆಂಡ್‌ನ ಕಮ್ಯುನಿಸ್ಟ್ ಪಕ್ಷವನ್ನು 1938ರಲ್ಲಿ ಸ್ಟಾಲಿನನ ಆದೇಶದಂತೆಯೇ ವಿಸರ್ಜಿಸಲಾಗಿತ್ತು. ಅದರ ಬಹುತೇಕ ಮುಖಂಡರು ಮಾಸ್ಕೋದಲ್ಲೇ ಹತರಾಗಿದ್ದರು.

ಮೂರು ಹಂತಗಳು

ಬ್ರಿಟಿಷ್ ಇತಿಹಾಸಕಾರ ಹ್ಯೂ ಸೀಟನ್-ವಾಟ್ಸನ್ 1950ರಲ್ಲಿ ಈ ಪ್ರಕ್ರಿಯೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ನೈಜ ಸಮ್ಮಿಶ್ರ ಸರಕಾರ. ಹಲವು ಪಕ್ಷಗಳು ನಿಜವಾಗಿಯೇ ಅಧಿಕಾರ ಹಂಚಿಕೊಳ್ಳುತ್ತವೆ. ಎರಡನೆಯದು ಹೆಸರಿಗಷ್ಟೇ ಸಮ್ಮಿಶ್ರ. ಇತರ ಪಕ್ಷಗಳು ಉಳಿದಿರುತ್ತವೆ, ಆದರೆ ಅವುಗಳ ಮುಖಂಡರನ್ನು ಕಮ್ಯುನಿಸ್ಟರೇ ಆರಿಸುತ್ತಾರೆ. ಮೂರನೆಯದು ಏಕಪಕ್ಷದ ಆಡಳಿತ. ಎಲ್ಲ ದೇಶಗಳೂ ಮೂರು ಹಂತಗಳನ್ನೂ ಹಾದುಹೋಗಲಿಲ್ಲ, ಹಾದುಹೋದ ವೇಗವೂ ಒಂದೇ ಆಗಿರಲಿಲ್ಲ.

ಒಂದು ಹಂತದಿಂದ ಮತ್ತೊಂದಕ್ಕೆ ಸಾಗುವ ಸಾಧನಗಳು ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಬಗೆಯವು. ಗೃಹ ಖಾತೆಯ ಮೂಲಕ ಪೊಲೀಸ್ ಇಲಾಖೆಯಲ್ಲಿ ತಮ್ಮವರ ನೇಮಕ, ಫ್ಯಾಸಿಸ್ಟರಿಗೆ ಶಿಕ್ಷೆ ಕೊಡುವ ನೆಪದಲ್ಲಿ ಎದುರಾಳಿಗಳ ಬಂಧನ, ಮುದ್ರಣ ಕಾಗದ ಮತ್ತು ರೇಡಿಯೋ ಮೇಲೆ ನಿಯಂತ್ರಣ, ದೊಡ್ಡ ಪಕ್ಷಗಳನ್ನು ಒಡೆಯುವುದು, ಕೊನೆಗೆ ಸಮಾಜವಾದಿ ಪಕ್ಷವನ್ನು ಕಮ್ಯುನಿಸ್ಟ್ ಪಕ್ಷದೊಂದಿಗೆ ಬಲವಂತದಿಂದ ವಿಲೀನಗೊಳಿಸುವುದು. ಹಂಗರಿಯ ಪಕ್ಷದ ಮುಖ್ಯಸ್ಥ ಮಾತ್ಯಾಶ್ ರಾಕೋಶಿಯ ಹೆಸರಿನೊಂದಿಗೆ 'ಸಲಾಮಿ ತಂತ್ರ' ಎಂಬ ನುಡಿಗಟ್ಟು ಅಂಟಿಕೊಂಡಿದ್ದು ಈ ಕಾರಣಕ್ಕೇ. ಸಲಾಮಿ ಎಂದರೆ ಉಪ್ಪು ಬೆರೆಸಿ ಒಣಗಿಸಿದ ಉದ್ದನೆಯ ಮಾಂಸದುಂಡೆ. ಅದನ್ನು ತೆಳುವಾದ ಹೋಳುಗಳಾಗಿ ಕತ್ತರಿಸುವಂತೆ ವಿರೋಧಿಗಳನ್ನು ಒಬ್ಬೊಬ್ಬರನ್ನಾಗಿ ಕತ್ತರಿಸಿ ತೆಗೆಯಲಾಯಿತು. ಒಂದು ಹೋಳು ಹೋದಾಗ ಉಳಿದವರು ತಾವು ಸುರಕ್ಷಿತರೆಂದುಕೊಂಡು ಸುಮ್ಮನಿದ್ದರು.

ಪೋಲೆಂಡ್

ಯುದ್ಧಕಾಲದ ಪೋಲಿಷ್ ಸರಕಾರ ಲಂಡನ್‌ನಲ್ಲಿ ದೇಶಭ್ರಷ್ಟವಾಗಿತ್ತು. ಅದಕ್ಕೆ ಪ್ರತಿಯಾಗಿ ಜುಲೈ 1944ರಲ್ಲಿ ಸೋವಿಯತ್ ಆಶ್ರಯದಲ್ಲಿ ಒಂದು ಸಮಿತಿ ಸ್ಥಾಪಿತವಾಯಿತು. ಲುಬ್ಲಿನ್ ನಗರದಲ್ಲಿ ನೆಲೆಯೂರಿದ್ದರಿಂದ ಅದು ಲುಬ್ಲಿನ್ ಸಮಿತಿಯೆಂದು ಹೆಸರಾಯಿತು. ಅದೇ ಆಗಸ್ಟ್ 1ರಂದು ಲಂಡನ್ ಸರಕಾರಕ್ಕೆ ನಿಷ್ಠವಾದ ಭೂಗತ ಸೇನೆ ವಾರ್ಸಾದಲ್ಲಿ ಜರ್ಮನ್ನರ ವಿರುದ್ಧ ದಂಗೆಯೆದ್ದಿತು. ಎರಡು ತಿಂಗಳ ಕಾಳಗದ ನಂತರ ಅದು ಶರಣಾಯಿತು. ವಿಸ್ತುಲಾ ನದಿಯ ಆಚೆ ದಡ ಮುಟ್ಟಿದ್ದ ಕೆಂಪು ಸೇನೆ ನಗರದೊಳಗೆ ಬಂದದ್ದು ಜನವರಿ 1945ರಲ್ಲಿ. ಆ ವೇಳೆಗೆ ಕಮ್ಯುನಿಸ್ಟರಿಗೆ ಎದುರು ನಿಲ್ಲಬಲ್ಲ ಸಂಘಟಿತ ಶಕ್ತಿ ನಾಶವಾಗಿತ್ತು. ಮಾರ್ಚ್ 1945ರಲ್ಲಿ ಭೂಗತ ಚಳವಳಿಯ 16 ನಾಯಕರನ್ನು ಮಾತುಕತೆಗೆಂದು ಕರೆದು ಬಂಧಿಸಿ, ಮಾಸ್ಕೋದಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು.

ಪಾಶ್ಚಾತ್ಯರ ಒತ್ತಾಯಕ್ಕೆ ಮಣಿದು ಜೂನ್ 1945ರಲ್ಲಿ ರಚಿಸಿದ ಸಮ್ಮಿಶ್ರ ಸರಕಾರದಲ್ಲಿ ರೈತ ಪಕ್ಷದ ಸ್ಟಾನಿಸ್ವಾವ್ ಮಿಕೊವಾಯ್‌ಚಿಕ್ ಉಪಪ್ರಧಾನಿಯಾದರು. ಅವರ ಪಕ್ಷಕ್ಕೆ ಸಿಕ್ಕಿದ್ದು ಕೃಷಿ ಮುಂತಾದ ಖಾತೆಗಳು. ರಹಸ್ಯ ಪೊಲೀಸರನ್ನು ಆಳುವ ಸಾರ್ವಜನಿಕ ಭದ್ರತಾ ಖಾತೆ ಕಮ್ಯುನಿಸ್ಟರ ಬಳಿಯೇ ಉಳಿಯಿತು. ಜೂನ್ 30, 1946ರ ಜನಮತಗಣನೆಯಲ್ಲಿ ಕೇಳಲಾದ ಮೂರು ಪ್ರಶ್ನೆಗಳಿಗೂ 'ಹೌದು' ಎನ್ನುವಂತೆ ಸರಕಾರ ಪ್ರಚಾರ ನಡೆಸಿತು. ಮೂರಕ್ಕೂ ಬಹುಮತ ಬಂದಿದೆಯೆಂದು ಪ್ರಕಟಿಸಲಾಯಿತು. ಲೆಕ್ಕವನ್ನು ತಿದ್ದಲಾಗಿತ್ತೆಂಬುದನ್ನು 1989ರ ನಂತರ ತೆರೆದ ದಫ್ತರಗಳು ದೃಢಪಡಿಸಿದವು. ಜನವರಿ 19, 1947ರ ಚುನಾವಣೆಯಲ್ಲಿ ಸರಕಾರಿ ಕೂಟಕ್ಕೆ ಶೇ. 80, ಮಿಕೊವಾಯ್‌ಚಿಕ್ ಪಕ್ಷಕ್ಕೆ ಶೇ. 10ರಷ್ಟು ಮತ ಎಂದು ಘೋಷಿಸಲಾಯಿತು. ಬಂಧನದ ಸುಳಿವು ಸಿಕ್ಕಿದ ಮಿಕೊವಾಯ್‌ಚಿಕ್ ಅಕ್ಟೋಬರ್ 1947ರಲ್ಲಿ ದೇಶ ಬಿಟ್ಟರು. ಡಿಸೆಂಬರ್ 1948ರಲ್ಲಿ ಸಮಾಜವಾದಿ ಪಕ್ಷ ಕಮ್ಯುನಿಸ್ಟರೊಂದಿಗೆ ವಿಲೀನವಾಯಿತು.

ರುಮೇನಿಯಾ ಮತ್ತು ಬಲ್ಗೇರಿಯಾ

ರುಮೇನಿಯಾದ ಯುವ ದೊರೆ ಮಿಖಾಯ್ ಆಗಸ್ಟ್ 23, 1944ರಂದು ಹಿಟ್ಲರನ ಮಿತ್ರನಾಗಿದ್ದ ಸರ್ವಾಧಿಕಾರಿ ಇಯಾನ್ ಆಂಟೊನೆಸ್ಕುವನ್ನು ಬಂಧಿಸಿ, ದೇಶವನ್ನು ಮಿತ್ರರಾಷ್ಟ್ರಗಳ ಕಡೆಗೆ ತಿರುಗಿಸಿದರು. ಅದಕ್ಕೆ ದೊರೆತ ಪ್ರತಿಫಲ ಅಲ್ಪಾಯುವಾಗಿತ್ತು. ಫೆಬ್ರವರಿ 1945ರ ಕೊನೆಗೆ ಬುಖಾರೆಸ್ಟ್‌ಗೆ ಬಂದಿಳಿದ ಸೋವಿಯತ್ ವಿದೇಶಾಂಗ ಉಪಸಚಿವ ಆಂಡ್ರೇ ವಿಶಿನ್ಸ್ಕಿ, ಆಗಿನ ಸರಕಾರವನ್ನು ವಜಾ ಮಾಡುವಂತೆ ದೊರೆಗೆ ತಾಕೀತು ಮಾಡಿದರು. ಮಾರ್ಚ್ 6ರಂದು ಪೆತ್ರು ಗ್ರೋಜಾ ನೇತೃತ್ವದ ಸರಕಾರ ಬಂತು. ಗ್ರೋಜಾ ಸ್ವತಃ ಕಮ್ಯುನಿಸ್ಟ್ ಅಲ್ಲ, ರೈತ ಸಂಘಟನೆಯೊಂದರ ನಾಯಕ. ಗೃಹ ಖಾತೆ ಮಾತ್ರ ಕಮ್ಯುನಿಸ್ಟರ ಪಾಲಾಯಿತು. ಯಾಲ್ಟಾ ಘೋಷಣೆಗೆ ಸಹಿ ಬಿದ್ದು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ.

ನವೆಂಬರ್ 1946ರ ಚುನಾವಣೆಯಲ್ಲಿ ಸರಕಾರಿ ಕೂಟ ಭಾರೀ ಬಹುಮತ ಪಡೆಯಿತೆಂದು ಪ್ರಕಟಿಸಲಾಯಿತು. ಅದು ವ್ಯಾಪಕ ಅಕ್ರಮದ ಫಲ. ರಾಷ್ಟ್ರೀಯ ರೈತ ಪಕ್ಷದ ವಯೋವೃದ್ಧ ನಾಯಕ ಯೂಲಿಯು ಮಾನಿಯು ಅವರಿಗೆ 1947ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವರು 1953ರಲ್ಲಿ ಸಿಗೆಟ್ ಸೆರೆಮನೆಯಲ್ಲಿ ಸತ್ತರು. ಡಿಸೆಂಬರ್ 30, 1947ರಂದು ದೊರೆ ಮಿಖಾಯ್ ಬಲವಂತಕ್ಕೆ ಸಿಂಹಾಸನ ತ್ಯಜಿಸಿದರು.

ಬಲ್ಗೇರಿಯಾದಲ್ಲಿ ಸೆಪ್ಟೆಂಬರ್ 9, 1944ರಂದು ಪಿತೃಭೂಮಿ ರಂಗವೆಂಬ ಕೂಟ ಕ್ಷಿಪ್ರಕ್ರಾಂತಿಯ ಮೂಲಕ ಅಧಿಕಾರಕ್ಕೆ ಬಂತು. ಸೋವಿಯತ್ ಒಕ್ಕೂಟ ಆ ದೇಶದ ಮೇಲೆ ಯುದ್ಧ ಸಾರಿ ಆಗ ನಾಲ್ಕು ದಿನವಾಗಿತ್ತು. ಫೆಬ್ರವರಿ 1945ರಲ್ಲಿ ಹಿಂದಿನ ರಾಜಪ್ರತಿನಿಧಿಗಳು, ಸಚಿವರು ಮತ್ತು ಹಲವಾರು ಸಂಸತ್ ಸದಸ್ಯರನ್ನು ಗುಂಡಿಟ್ಟು ಕೊಲ್ಲಲಾಯಿತು. ಸೆಪ್ಟೆಂಬರ್ 1946ರ ಜನಮತಗಣನೆಯಿಂದ ರಾಜಪ್ರಭುತ್ವ ಕೊನೆಗೊಂಡು, 9 ವರ್ಷದ ದೊರೆ ಸಿಮಿಯೋನ್ ದೇಶ ತೊರೆಯಬೇಕಾಯಿತು. ಕ್ರಾಂತಿಯಲ್ಲಿ ಕಮ್ಯುನಿಸ್ಟರ ಜೊತೆಗಾರರಾಗಿದ್ದು ನಂತರ ವಿರೋಧಪಕ್ಷದ ನಾಯಕರಾದ ನಿಕೋಲಾ ಪೆಟ್ಕೋವ್ ಅವರನ್ನು ಜೂನ್ 1947ರಲ್ಲಿ ಸಂಸತ್ ಭವನದೊಳಗೇ ಬಂಧಿಸಲಾಯಿತು. ಸೆಪ್ಟೆಂಬರ್ 23ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಹಂಗರಿ

ಮತದಾರನ ಇಚ್ಛೆ ಮತ್ತು ಅಧಿಕಾರದ ವಾಸ್ತವದ ನಡುವಿನ ಅಂತರ ಹಂಗರಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನವೆಂಬರ್ 4, 1945ರಂದು ನಡೆದ ಚುನಾವಣೆ ಮುಕ್ತವಾಗಿತ್ತು. ಸಣ್ಣ ಹಿಡುವಳಿದಾರರ ಪಕ್ಷ ಶೇ. 57ರಷ್ಟು ಮತ ಪಡೆದರೆ ಕಮ್ಯುನಿಸ್ಟರಿಗೆ ಬಂದದ್ದು ಶೇ. 17. ಬಹುಮತ ಬಂದರೂ ಸಮ್ಮಿಶ್ರ ಸರಕಾರವನ್ನೇ ರಚಿಸಬೇಕು, ಗೃಹ ಖಾತೆಯನ್ನು ಕಮ್ಯುನಿಸ್ಟರಿಗೇ ಬಿಡಬೇಕು ಎಂಬ ಒತ್ತಡ ಸೋವಿಯತ್ ಪ್ರತಿನಿಧಿಗಳಿಂದ ಬಂತು. ಗೆದ್ದ ಪಕ್ಷ ಒಪ್ಪಿತು. ಇಮ್ರೆ ನಾಜ್ ಅವರ ಬಳಿಕ ಮಾರ್ಚ್ 1946ರಲ್ಲಿ ಲಾಸ್ಲೋ ರಾಯ್ಕ್ ಗೃಹ ಸಚಿವರಾದರು.

ಆಗ ದೇಶವನ್ನು ಕಾಡುತ್ತಿದ್ದ ಹಣದುಬ್ಬರ ಇತಿಹಾಸದಲ್ಲೇ ಅತಿ ಭೀಕರವಾದದ್ದು. ಜುಲೈ 1946ರಲ್ಲಿ ಬೆಲೆಗಳು ಸುಮಾರು 15 ಗಂಟೆಗೊಮ್ಮೆ ಇಮ್ಮಡಿಯಾಗುತ್ತಿದ್ದವು. ಆಗಸ್ಟ್ 1ರಂದು ಫೋರಿಂಟ್ ಎಂಬ ಹೊಸ ನಾಣ್ಯ ಬಂದು ಬೆಲೆಗಳು ಸ್ಥಿರವಾದಾಗ ಅದರ ಶ್ರೇಯಸ್ಸನ್ನು ಕಮ್ಯುನಿಸ್ಟರು ತಮ್ಮದಾಗಿಸಿಕೊಂಡರು.

ಮುಂದಿನ ಹೋಳುಗಳು ಬೇಗ ಬೇಗ ಬಿದ್ದವು. ಫೆಬ್ರವರಿ 1947ರಲ್ಲಿ ಸಣ್ಣ ಹಿಡುವಳಿದಾರರ ಪಕ್ಷದ ಪ್ರಧಾನ ಕಾರ್ಯದರ್ಶಿ ಬೇಲಾ ಕೊವಾಚ್ ಅವರನ್ನು ಸೋವಿಯತ್ ಸೈನಿಕರೇ ಬಂಧಿಸಿ ಒಯ್ದರು. ಮೇ ತಿಂಗಳಲ್ಲಿ ಪ್ರಧಾನಿ ಫೆರೆಂಟ್ಸ್ ನಾಜ್ ಸ್ವಿಟ್ಜರ್ಲೆಂಡ್‌ನಲ್ಲಿ ವಿಶ್ರಾಂತಿಯಲ್ಲಿದ್ದಾಗ ಅವರ ಮೇಲೆ ಪಿತೂರಿಯ ಆರೋಪ ಹೊರಿಸಲಾಯಿತು. ಹಂಗರಿಯಲ್ಲೇ ಉಳಿದಿದ್ದ ಎಳೆಯ ಮಗನನ್ನು ಗಡಿಗೆ ತಂದು ಒಪ್ಪಿಸಿದ ಮೇಲೆ ಅವರು ರಾಜೀನಾಮೆ ಪತ್ರ ಕೊಟ್ಟರು. ಆಗಸ್ಟ್ 31, 1947ರ ಚುನಾವಣೆಯಲ್ಲಿ, ಊರಿನಲ್ಲಿಲ್ಲದ ಮತದಾರರಿಗೆ ಕೊಡುವ ನೀಲಿ ಚೀಟಿಗಳನ್ನು ಹಿಡಿದ ಕಾರ್ಯಕರ್ತರ ತಂಡಗಳು ಲಾರಿಗಳಲ್ಲಿ ಊರೂರು ಸುತ್ತಿ ಮತ್ತೆ ಮತ್ತೆ ಮತ ಹಾಕಿದವು. ಇಷ್ಟಾದರೂ ಕಮ್ಯುನಿಸ್ಟರಿಗೆ ಬಂದದ್ದು ಶೇ. 22. ಆದರೆ ಒಡೆದುಹೋದ ಎದುರಾಳಿಗಳ ನಡುವೆ ಅದೇ ಅತಿ ದೊಡ್ಡ ಪಕ್ಷವಾಯಿತು. ಮೇ 1949ರ ಚುನಾವಣೆಯಲ್ಲಿ ಮತದಾರರ ಮುಂದೆ ಇದ್ದದ್ದು ಒಂದೇ ಪಟ್ಟಿ.

ಜೆಕೊಸ್ಲೊವಾಕಿಯಾ

ಈ ದೇಶದ ಪ್ರಕರಣ ಜಗತ್ತನ್ನು ಹೆಚ್ಚು ಬೆಚ್ಚಿಬೀಳಿಸಿತು. ಎರಡು ಯುದ್ಧಗಳ ನಡುವೆ ಸಂಸದೀಯ ಪ್ರಜಾಪ್ರಭುತ್ವವನ್ನು ಉಳಿಸಿಕೊಂಡಿದ್ದ ದೇಶವಿದು. ಸೋವಿಯತ್ ಮತ್ತು ಅಮೆರಿಕನ್ ಸೇನೆಗಳೆರಡೂ 1945ರ ಕೊನೆಗೇ ಇಲ್ಲಿಂದ ಹೊರಟಿದ್ದವು. ಮೇ 1946ರ ಚುನಾವಣೆಯಲ್ಲಿ ಕಮ್ಯುನಿಸ್ಟರು ಶೇ. 38ರಷ್ಟು ಮತಗಳಿಸಿ ನ್ಯಾಯವಾಗಿಯೇ ಅತಿ ದೊಡ್ಡ ಪಕ್ಷವಾದರು. ಕ್ಲೆಮೆಂಟ್ ಗಾಟ್‌ವಾಲ್ಡ್ ಪ್ರಧಾನಿಯಾದರು. ಸ್ಲೊವಾಕಿಯಾ ಭಾಗದಲ್ಲಿ ಮಾತ್ರ ಡೆಮಾಕ್ರಟಿಕ್ ಪಕ್ಷ ಶೇ. 62ರಷ್ಟು ಮತ ಪಡೆದಿತ್ತು.

ಜುಲೈ 1947ರಲ್ಲಿ ಅಮೆರಿಕದ ಮಾರ್ಷಲ್ ನೆರವು ಯೋಜನೆಯ ಸಭೆಗೆ ಹೋಗಲು ಸಚಿವ ಸಂಪುಟ ಒಮ್ಮತದಿಂದ ನಿರ್ಧರಿಸಿತು. ಮಾಸ್ಕೋಗೆ ಹೋದ ನಿಯೋಗಕ್ಕೆ ಸ್ಟಾಲಿನ್ ಆಕ್ಷೇಪ ತಿಳಿಸಿದೊಡನೆ ಆ ನಿರ್ಧಾರ ರದ್ದಾಯಿತು. ಸೈನಿಕರಿಲ್ಲದೆಯೂ ಮಾಸ್ಕೋದ ಮಾತು ನಡೆಯುತ್ತದೆಂಬುದು ಅಂದೇ ಸಾಬೀತಾಯಿತು.

ಫೆಬ್ರವರಿ 1948ರ ಬಿಕ್ಕಟ್ಟು ಹುಟ್ಟಿದ್ದು ಪೊಲೀಸ್ ನೇಮಕದಿಂದ. ಗೃಹ ಸಚಿವ ವಾಟ್ಸ್‌ಲಾವ್ ನೋಸೆಕ್ ಅವರ ಇಲಾಖೆ ಪ್ರಾಗ್ ನಗರದ 8 ಮಂದಿ ಪೊಲೀಸ್ ಮುಖ್ಯಾಧಿಕಾರಿಗಳನ್ನು ಬದಲಿಸಿ ತನ್ನವರನ್ನು ತರಲು ಹೊರಟಿತು. ಅದನ್ನು ತಡೆಯಬೇಕೆಂಬ ಸಂಪುಟದ ತೀರ್ಮಾನವನ್ನು ನೋಸೆಕ್ ಪಾಲಿಸಲಿಲ್ಲ. ಪ್ರತಿಭಟಿಸಿ ಫೆಬ್ರವರಿ 20ರಂದು ಕಮ್ಯುನಿಸ್ಟೇತರ ಪಕ್ಷಗಳ 12 ಸಚಿವರು ರಾಜೀನಾಮೆ ಕೊಟ್ಟರು. ಅಧ್ಯಕ್ಷ ಎಡ್ವರ್ಡ್ ಬೆನೆಶ್ ಅದನ್ನು ಅಂಗೀಕರಿಸುವುದಿಲ್ಲ, ಚುನಾವಣೆ ಬೇಗ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಆದರೆ 26 ಮಂದಿಯ ಸಂಪುಟದಲ್ಲಿ 14 ಮಂದಿ ಉಳಿದಿದ್ದರಿಂದ ಸರಕಾರ ಬೀಳಲಿಲ್ಲ. ಕಮ್ಯುನಿಸ್ಟರು ಕಾರ್ಖಾನೆಗಳ ಕಾರ್ಮಿಕರಿಗೆ ಬಂದೂಕು ಕೊಟ್ಟು ಬೀದಿಗಿಳಿಸಿದರು, ಕಚೇರಿಗಳಲ್ಲಿ 'ಕ್ರಿಯಾ ಸಮಿತಿ'ಗಳನ್ನು ಸ್ಥಾಪಿಸಿದರು. ರಕ್ಷಣಾ ಸಚಿವ ಲೂಡ್ವಿಕ್ ಸ್ವೊಬೊಡಾ ಸೇನೆಯನ್ನು ಅವರ ವಿರುದ್ಧ ಬಳಸಲಿಲ್ಲ. ಫೆಬ್ರವರಿ 25ರಂದು ಅನಾರೋಗ್ಯಪೀಡಿತ ಬೆನೆಶ್ ರಾಜೀನಾಮೆಗಳನ್ನು ಅಂಗೀಕರಿಸಿ ಗಾಟ್‌ವಾಲ್ಡ್ ಕೊಟ್ಟ ಹೊಸ ಪಟ್ಟಿಗೆ ಒಪ್ಪಿಗೆಯಿತ್ತರು.

ಹೊಸ ಸಂಪುಟದಲ್ಲೂ ಉಳಿದಿದ್ದ ವಿದೇಶಾಂಗ ಸಚಿವ ಯಾನ್ ಮಸಾರಿಕ್, ಗಣರಾಜ್ಯದ ಸ್ಥಾಪಕ ಅಧ್ಯಕ್ಷರ ಮಗ. ಮಾರ್ಚ್ 10ರ ಬೆಳಗ್ಗೆ ಸಚಿವಾಲಯದ ಅಂಗಳದಲ್ಲಿ, ತಮ್ಮ ವಾಸದ ಕೊಠಡಿಯ ಕಿಟಕಿಯ ಕೆಳಗೆ ಅವರ ಶವ ಸಿಕ್ಕಿತು. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ವಿವಾದ ಹಲವು ತನಿಖೆಗಳ ನಂತರವೂ ಬಗೆಹರಿದಿಲ್ಲ. ಬೆನೆಶ್ ಜೂನ್‌ನಲ್ಲಿ ರಾಜೀನಾಮೆಯಿತ್ತು ಸೆಪ್ಟೆಂಬರ್‌ನಲ್ಲಿ ನಿಧನರಾದರು.

ಪೂರ್ವ ಜರ್ಮನಿ

ಸೋವಿಯತ್ ವಶದಲ್ಲಿದ್ದ ಜರ್ಮನಿಯ ಭಾಗದಲ್ಲಿ ಏಪ್ರಿಲ್ 1946ರಲ್ಲಿ ಕಮ್ಯುನಿಸ್ಟ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳನ್ನು ಸೇರಿಸಿ ಸಮಾಜವಾದಿ ಏಕತಾ ಪಕ್ಷವನ್ನು ರಚಿಸಲಾಯಿತು. ನಾಲ್ಕು ಸೇನೆಗಳ ಆಡಳಿತವಿದ್ದ ಬರ್ಲಿನ್‌ನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸ್ವತಂತ್ರವಾಗಿ ಉಳಿದಿತ್ತು. ಅದೇ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಚುನಾವಣೆಯಲ್ಲಿ ಅದು ಶೇ. 48ಕ್ಕೂ ಹೆಚ್ಚು ಮತ ಪಡೆದರೆ, ಏಕತಾ ಪಕ್ಷಕ್ಕೆ ಶೇ. 20 ಸಹ ದಾಟಲಾಗಲಿಲ್ಲ. ಮುಂದೆ ಇಂತಹ ಪರೀಕ್ಷೆಗೆ ಆ ಪಕ್ಷ ಮನಸ್ಸು ಮಾಡಲಿಲ್ಲ. ಜೂನ್ 1948ರಿಂದ ಮೇ 1949ರವರೆಗೆ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನು ಸೋವಿಯತ್ ಸೇನೆ ಬಂದ್ ಮಾಡಿತು. ಪಾಶ್ಚಾತ್ಯ ದೇಶಗಳು ವಿಮಾನಗಳಲ್ಲಿ ಆಹಾರ ಮತ್ತು ಕಲ್ಲಿದ್ದಲು ಸಾಗಿಸಿ ನಗರವನ್ನು ಉಳಿಸಿದವು. ಅಕ್ಟೋಬರ್ 7, 1949ರಂದು ಪೂರ್ವ ಜರ್ಮನಿ ಪ್ರತ್ಯೇಕ ರಾಷ್ಟ್ರವೆಂದು ಘೋಷಿತವಾಯಿತು.

ಸ್ವಂತ ಬಲದ ಎರಡು ದೇಶಗಳು

ಯುಗೊಸ್ಲಾವಿಯಾ ಮತ್ತು ಅಲ್ಬೇನಿಯಾದಲ್ಲಿ ಕಮ್ಯುನಿಸ್ಟರಿಗೆ ಸ್ವಂತ ಸೇನೆಯೇ ಇತ್ತು. ಯೋಸಿಪ್ ಬ್ರೋಜ್ ಟಿಟೊ ನೇತೃತ್ವದ ಪಾರ್ಟಿಸಾನ್ ಗೆರಿಲ್ಲಾಗಳು ಜರ್ಮನ್ನರ ಮತ್ತು ಒಳಗಿನ ಎದುರಾಳಿಗಳ ವಿರುದ್ಧ ನಾಲ್ಕು ವರ್ಷ ಕಾದಾಡಿ, ಬೆಲ್‌ಗ್ರೇಡ್ ವಿಮೋಚನೆಯ ಕೊನೆಯ ಹಂತದಲ್ಲಷ್ಟೇ ಕೆಂಪು ಸೇನೆಯ ಜೊತೆಗೂಡಿದರು. ಅಲ್ಬೇನಿಯಾದಲ್ಲಿ ಎನ್ವರ್ ಹೋಜಾ ನವೆಂಬರ್ 1944ರಲ್ಲಿ ಅಧಿಕಾರ ಹಿಡಿದರು. ಆ ದೇಶಕ್ಕೆ ಕೆಂಪು ಸೇನೆ ಕಾಲಿಡಲೇ ಇಲ್ಲ. ಇಲ್ಲಿ ಸಮ್ಮಿಶ್ರ ಸರಕಾರದ ಹಂತ ತೋರಿಕೆಯದು; ಎದುರಾಳಿಗಳ ದಮನ ಮಾತ್ರ ಅಷ್ಟೇ ಕ್ರೂರವಾಗಿತ್ತು.

ಮಾಸ್ಕೋದ ಋಣವಿಲ್ಲದ ಅಧಿಕಾರ ಮಾಸ್ಕೋದ ಮಾತನ್ನೂ ಮೀರಬಲ್ಲದೆಂಬುದನ್ನು ಟಿಟೊ ತೋರಿಸಿದರು. ಜೂನ್ 28, 1948ರಂದು ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಾಮಿನ್‌ಫಾರ್ಮ್‌ನಿಂದ ಯುಗೊಸ್ಲಾವಿಯಾವನ್ನು ಹೊರಹಾಕಲಾಯಿತು. ಟಿಟೊ ಪದಚ್ಯುತರಾಗಲಿಲ್ಲ. ಜವಾಹರಲಾಲ್ ನೆಹರು ಮತ್ತು ಈಜಿಪ್ಟ್‌ನ ನಾಸರ್ ಜೊತೆಗೂಡಿ ಅವರು ಕಟ್ಟಿದ ಅಲಿಪ್ತ ಚಳವಳಿಯ ಮೊದಲ ಶೃಂಗಸಭೆ 1961ರಲ್ಲಿ ಬೆಲ್‌ಗ್ರೇಡ್‌ನಲ್ಲೇ ನಡೆಯಿತು.

ಬೇರೆ ಹಾದಿ ಹಿಡಿದ ದೇಶಗಳು

ಫಿನ್‌ಲೆಂಡ್ ಸೋವಿಯತ್ ಒಕ್ಕೂಟದೊಂದಿಗೆ ಯುದ್ಧ ಮಾಡಿ ಸೋತಿತ್ತು. ಅಲ್ಲಿಯೂ ಗೃಹ ಖಾತೆ ಕಮ್ಯುನಿಸ್ಟ್ ನಾಯಕ ಯೂರ್ಯೋ ಲೈನೊ ಅವರ ಕೈಯಲ್ಲಿತ್ತು. ಆದರೆ ಕೆಂಪು ಸೇನೆ ಆ ದೇಶವನ್ನು ಆಕ್ರಮಿಸಿಕೊಂಡಿರಲಿಲ್ಲ. ಅಧ್ಯಕ್ಷ ಪಾಸಿಕಿವಿ ಏಪ್ರಿಲ್ 1948ರಲ್ಲಿ ಮಾಸ್ಕೋದೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡು ಅದರ ಭದ್ರತೆಯ ಆತಂಕವನ್ನು ಶಮನಗೊಳಿಸಿದರು. ಮೇ ತಿಂಗಳಲ್ಲಿ ಸಂಸತ್ತು ಲೈನೊ ವಿರುದ್ಧ ಅವಿಶ್ವಾಸ ಸೂಚಿಸಿದಾಗ ಅಧ್ಯಕ್ಷರು ಅವರನ್ನು ವಜಾ ಮಾಡಿದರು. ಜುಲೈ ಚುನಾವಣೆಯಲ್ಲಿ ಕಮ್ಯುನಿಸ್ಟ್ ಕೂಟದ ಬಲ 200 ಸ್ಥಾನಗಳ ಸಂಸತ್ತಿನಲ್ಲಿ 38ಕ್ಕೆ ಇಳಿಯಿತು.

ಆಸ್ಟ್ರಿಯಾದಲ್ಲೂ 1945ರ ತಾತ್ಕಾಲಿಕ ಸರಕಾರದ ಗೃಹ ಸಚಿವ ಕಮ್ಯುನಿಸ್ಟರೇ. ಆದರೆ ದೇಶ ನಾಲ್ಕು ಸೇನೆಗಳ ನಡುವೆ ಹಂಚಿಹೋಗಿತ್ತು. ನವೆಂಬರ್ 1945ರ ಚುನಾವಣೆಯಲ್ಲಿ ಕಮ್ಯುನಿಸ್ಟರು ಗೆದ್ದದ್ದು 165ರಲ್ಲಿ 4 ಸ್ಥಾನ, ಖಾತೆ ಕೈತಪ್ಪಿತು. ಗ್ರೀಸ್‌ನಲ್ಲಿ ಕಮ್ಯುನಿಸ್ಟರ ಗೆರಿಲ್ಲಾ ಸೇನೆ ಬಲಿಷ್ಠವಾಗಿತ್ತು. ಆದರೆ ಬ್ರಿಟನ್ ಹಾಗೂ 1947ರಿಂದ ಅಮೆರಿಕ ಸರಕಾರದ ಪಕ್ಷ ವಹಿಸಿದವು, ಸ್ಟಾಲಿನ್ ದೂರವುಳಿದ. 1946ರಿಂದ ನಡೆದ ಅಂತರ್ಯುದ್ಧ 1949ರಲ್ಲಿ ಕಮ್ಯುನಿಸ್ಟರ ಸೋಲಿನೊಂದಿಗೆ ಮುಗಿಯಿತು. ಇಟಲಿ ಮತ್ತು ಫ್ರಾನ್ಸ್‌ನಲ್ಲಿ ದೊಡ್ಡ ಕಮ್ಯುನಿಸ್ಟ್ ಪಕ್ಷಗಳಿದ್ದರೂ ಮೇ 1947ರಲ್ಲಿ ಅವು ಸಮ್ಮಿಶ್ರ ಸರಕಾರಗಳಿಂದ ಹೊರಬಿದ್ದವು.

ಗೃಹ ಖಾತೆಯೊಂದೇ ಸಾಕಾಗಲಿಲ್ಲವೆಂಬುದು ಈ ಉದಾಹರಣೆಗಳಿಂದ ತಿಳಿಯುತ್ತದೆ. ಸಚಿವರನ್ನು ವಜಾ ಮಾಡಬಲ್ಲ ಅಧ್ಯಕ್ಷ, ಮತವನ್ನು ಇದ್ದಂತೆ ಎಣಿಸುವ ವ್ಯವಸ್ಥೆ, ಹೊರಗಿನ ಸೇನೆಯ ಭಯವಿಲ್ಲದ ಸಂಸತ್ತು ಇದ್ದ ಕಡೆ ಆ ಖಾತೆ ಕೈಯಿಂದ ಕೈಗೆ ಹೋಯಿತು. ಇಲ್ಲದ ಕಡೆ ಅದು ಒಂದೇ ಕೈಯಲ್ಲಿ ನಾಲ್ಕು ದಶಕ ನಿಂತಿತು.

ಪರಿಣಾಮ

ಅಧಿಕಾರ ಭದ್ರವಾದ ನಂತರ ಆಡಳಿತದ ಕತ್ತಿ ಪಕ್ಷದ ಒಳಕ್ಕೇ ತಿರುಗಿತು. ಹಂಗರಿಯ ರಹಸ್ಯ ಪೊಲೀಸ್ ಪಡೆಯನ್ನು ಬೆಳೆಸಿದ್ದ ಲಾಸ್ಲೋ ರಾಯ್ಕ್ ಟಿಟೊನ ಗೂಢಚಾರರೆಂಬ ಸುಳ್ಳು ಆರೋಪದ ಮೇಲೆ ಅಕ್ಟೋಬರ್ 1949ರಲ್ಲಿ ಗಲ್ಲಿಗೇರಿದರು. ಪ್ರಾಗ್‌ನಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ರುಡಾಲ್ಫ್ ಸ್ಲಾನ್ಸ್ಕಿ ಸಹಿತ 11 ಮಂದಿಯನ್ನು ಡಿಸೆಂಬರ್ 1952ರಲ್ಲಿ ಗಲ್ಲಿಗೇರಿಸಲಾಯಿತು. ಭೂಸುಧಾರಣೆಯಲ್ಲಿ ರೈತರಿಗೆ ಕೊಟ್ಟ ಭೂಮಿಯನ್ನು ಕೆಲವೇ ವರ್ಷಗಳಲ್ಲಿ ಸಾಮೂಹಿಕ ಬೇಸಾಯದ ಹೆಸರಿನಲ್ಲಿ ಹಿಂದಕ್ಕೆ ಪಡೆಯತೊಡಗಿದರು. ಪೋಲೆಂಡ್ ಮತ್ತು ಯುಗೊಸ್ಲಾವಿಯಾದಲ್ಲಷ್ಟೇ ಆ ಪ್ರಯತ್ನ ಅರ್ಧಕ್ಕೆ ನಿಂತಿತು. ಮತ್ತೊಂದು ಕಡೆ ಸಾಕ್ಷರತೆ, ಸಾರ್ವಜನಿಕ ಆರೋಗ್ಯ, ಮಹಿಳೆಯರ ಉದ್ಯೋಗ, ಕೈಗಾರಿಕೆಗಳಲ್ಲಿ ಈ ದೇಶಗಳು ಗಣನೀಯ ಪ್ರಗತಿ ಕಂಡವು.

ಯುರೋಪಿನ ಹೊರಗೆ ಇದೇ ಅವಧಿಯಲ್ಲಿ ಉತ್ತರ ಕೊರಿಯಾದಲ್ಲಿ 1948ರಲ್ಲಿ ಸೋವಿಯತ್ ಸೇನೆಯ ನೆರಳಿನಲ್ಲೂ ಚೀನಾದಲ್ಲಿ 1949ರಲ್ಲಿ ದೀರ್ಘ ಅಂತರ್ಯುದ್ಧದ ಮೂಲಕವೂ ಕಮ್ಯುನಿಸ್ಟ್ ಸರಕಾರಗಳು ಬಂದವು. ಪೂರ್ವ ಯುರೋಪಿನ ಎರಡು ಮಾದರಿಗಳ ಛಾಯೆಯನ್ನು ಅಲ್ಲಿಯೂ ಕಾಣಬಹುದು.

ಪೂರ್ವ ಬರ್ಲಿನ್‌ನಲ್ಲಿ 1953ರಲ್ಲಿ, ಹಂಗರಿಯಲ್ಲಿ 1956ರಲ್ಲಿ ಜನ ದಂಗೆಯೆದ್ದರು. 1968ರಲ್ಲಿ ಜೆಕೊಸ್ಲೊವಾಕಿಯಾದ ಪಕ್ಷವೇ ಸುಧಾರಣೆಗೆ ಹೊರಟಿತು. ಮೂರೂ ಕಡೆ ಸೋವಿಯತ್ ಟ್ಯಾಂಕುಗಳು ಬಂದವು. ಒಮ್ಮೆ ಹಂಗರಿಯ ಭೂಮಿ ಹಂಚಿದ್ದ, ಗೃಹ ಸಚಿವರೂ ಆಗಿದ್ದ ಇಮ್ರೆ ನಾಜ್ 1956ರ ದಂಗೆಯ ನಾಯಕತ್ವ ವಹಿಸಿ, ಜೂನ್ 1958ರಲ್ಲಿ ನೇಣಿಗೇರಿದರು. ಟ್ಯಾಂಕುಗಳನ್ನು ಮತ್ತೆ ಕಳಿಸುವುದಿಲ್ಲವೆಂದು ಮಿಖಾಯಿಲ್ ಗೋರ್ಬಚೆವ್ ಸ್ಪಷ್ಟಪಡಿಸಿದ ಮೇಲೆ, 1989ರ ಒಂದೇ ವರ್ಷದಲ್ಲಿ ಈ ಸರಕಾರಗಳಲ್ಲಿ ಬಹುಪಾಲು ಉರುಳಿದವು. ಬಾಲ್ಯದಲ್ಲಿ ಸಿಂಹಾಸನ ಕಳೆದುಕೊಂಡಿದ್ದ ಬಲ್ಗೇರಿಯಾದ ಸಿಮಿಯೋನ್ 2001ರಲ್ಲಿ ಚುನಾವಣೆ ಗೆದ್ದು ಅದೇ ದೇಶದ ಪ್ರಧಾನಿಯಾದರು.

ಪೋಲೆಂಡ್‌ನಲ್ಲಿ ಆಗಸ್ಟ್ 1989ರಲ್ಲಿ ತಾದೆಉಶ್ ಮಜೊವಿಯೆಟ್ಸ್ಕಿ ನಾಲ್ಕು ದಶಕಗಳ ನಂತರದ ಮೊದಲ ಕಮ್ಯುನಿಸ್ಟೇತರ ಪ್ರಧಾನಿಯಾದಾಗ, ಹೊಸ ಸಂಪುಟದಲ್ಲಿ ಕಮ್ಯುನಿಸ್ಟರು ಉಳಿಸಿಕೊಂಡ ಖಾತೆಗಳಲ್ಲಿ ಗೃಹವೂ ಒಂದು. ಜನರಲ್ ಚೆಸ್ವಾವ್ ಕಿಶ್ಚಾಕ್ ಆ ಖಾತೆಯನ್ನು ಜುಲೈ 1990ರವರೆಗೆ ಬಿಟ್ಟುಕೊಡಲಿಲ್ಲ. ಮೊದಲು ಕೈಗೆ ಬಂದ ಖಾತೆ ಕೊನೆಗೆ ಕೈಬಿಟ್ಟಿತು.

ಪ್ರಮುಖ ದಿನಾಂಕಗಳು

ಸೆಪ್ಟೆಂಬರ್ 9, 1944: ಬಲ್ಗೇರಿಯಾದಲ್ಲಿ ಪಿತೃಭೂಮಿ ರಂಗ ಅಧಿಕಾರಕ್ಕೆ.
ಫೆಬ್ರವರಿ 4–11, 1945: ಯಾಲ್ಟಾ ಸಮ್ಮೇಳನ.
ಮಾರ್ಚ್ 6, 1945: ರುಮೇನಿಯಾದಲ್ಲಿ ಗ್ರೋಜಾ ಸರಕಾರ.
ನವೆಂಬರ್ 4, 1945: ಹಂಗರಿಯ ಮುಕ್ತ ಚುನಾವಣೆ.
ನವೆಂಬರ್ 29, 1945: ಯುಗೊಸ್ಲಾವಿಯಾ ಗಣರಾಜ್ಯ ಘೋಷಣೆ.
ಮಾರ್ಚ್ 5, 1946: ಅಮೆರಿಕದ ಫುಲ್ಟನ್‌ನಲ್ಲಿ ಚರ್ಚಿಲ್ ಅವರ 'ಕಬ್ಬಿಣದ ಪರದೆ' ಭಾಷಣ.
ಜನವರಿ 19, 1947: ಪೋಲೆಂಡ್ ಚುನಾವಣೆ.
ಸೆಪ್ಟೆಂಬರ್ 1947: ಕಾಮಿನ್‌ಫಾರ್ಮ್ ಸ್ಥಾಪನೆ.
ಡಿಸೆಂಬರ್ 30, 1947: ರುಮೇನಿಯಾದ ದೊರೆಯ ಪದತ್ಯಾಗ.
ಫೆಬ್ರವರಿ 25, 1948: ಪ್ರಾಗ್‌ನಲ್ಲಿ ಕಮ್ಯುನಿಸ್ಟ್ ಆಧಿಪತ್ಯ.
ಜೂನ್ 28, 1948: ಕಾಮಿನ್‌ಫಾರ್ಮ್‌ನಿಂದ ಯುಗೊಸ್ಲಾವಿಯಾ ಹೊರಕ್ಕೆ.
ಏಪ್ರಿಲ್ 4, 1949: ನ್ಯಾಟೋ ಒಪ್ಪಂದ.
ಅಕ್ಟೋಬರ್ 7, 1949: ಪೂರ್ವ ಜರ್ಮನಿಯ ಸ್ಥಾಪನೆ.